ಮೊದಲ ಸೀಸನ್‌ನಿಂದ ಶುರು ಮಾಡಬೇಡಿ

ಬಾಹ್ಯಾಕಾಶ ಹಡಗೊಂದರ ಕಥೆ ಹೇಳುವ ಅಮೆರಿಕದ ಟಿವಿ ಸರಣಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಮೂರು ಎಪಿಸೋಡ್ ನೋಡಿ ಬಿಟ್ಟೆ, ಎಲ್ಲರೂ ಇಷ್ಟು ಒಳ್ಳೆಯವರಾದರೆ ಕಥೆ ಎಲ್ಲಿಂದ ಬರಬೇಕು ಅಂತ ಕೇಳಿದ್ದೀರಿ. ನಿಮ್ಮ ತಪ್ಪಿಲ್ಲ, ಶುರು ಮಾಡಿದ ಜಾಗ ಸರಿಯಿಲ್ಲ ಅಷ್ಟೆ. 1987ರ ಆ ಮೊದಲ ಸೀಸನ್ ನನ್ನಂಥ ಹುಚ್ಚನಿಗೂ ಕಷ್ಟ. ನಾಲ್ಕನೇ ಎಪಿಸೋಡ್ ಅಂತೂ ಜನ್ಮದಲ್ಲಿ ನೋಡದಿದ್ದರೂ ನಷ್ಟವಿಲ್ಲ. ಹೆಚ್ಚಿನ ಎಪಿಸೋಡ್‌ಗಳು ಬಿಡಿ ಕಥೆಗಳು, ಹಾಗಾಗಿ ಧೈರ್ಯವಾಗಿ ಹಾರಿಸಿ.

ಹಡಗಿನವರು ತಮ್ಮತಮ್ಮಲ್ಲೇ ಕಿತ್ತಾಡಬಾರದು ಅನ್ನೋದು ಸರಣಿ ಕಟ್ಟಿದ ಜೀನ್ ರಾಡೆನ್‌ಬೆರಿ ಅವರೇ ಹಾಕಿದ ಕಟ್ಟಳೆ. 24ನೇ ಶತಮಾನದ ಮನುಷ್ಯ ಅದನ್ನೆಲ್ಲ ದಾಟಿರುತ್ತಾನೆ ಅಂತ ಅವರ ನಂಬಿಕೆ. ಬರೆಯುವವರಿಗೆ ಇದು ದೊಡ್ಡ ತಲೆನೋವಾಗಿತ್ತು. ಆದರೆ ನನಗೆ ಇಷ್ಟವಾದ ಎಪಿಸೋಡ್‌ಗಳೆಲ್ಲ ಈ ತಲೆನೋವಿನಿಂದಲೇ ಹುಟ್ಟಿದವು ಅನ್ನಿಸುತ್ತೆ.

ಎರಡನೇ ಸೀಸನ್‌ನ ಒಂಬತ್ತನೆಯದು, ‘ದಿ ಮೆಷರ್ ಆಫ್ ಎ ಮ್ಯಾನ್’, ಇವತ್ತೇ ನೋಡಿ. ಡೇಟಾ ಅಂದರೆ ಆ ಹಡಗಿನ ಅಧಿಕಾರಿಗಳಲ್ಲೊಬ್ಬ, ಯಂತ್ರಮಾನವ. ಅವನನ್ನು ಬಿಚ್ಚಿ ಪರೀಕ್ಷೆ ಮಾಡಬೇಕು ಅಂತ ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ಒಬ್ಬ ವ್ಯಕ್ತಿಯೋ, ಬರೀ ಆಸ್ತಿಯೋ? ವಿಚಾರಣೆ ನಡೆಯುತ್ತದೆ. ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಡೇಟಾ ಪರ. ಎದುರು ವಾದಿಸಬೇಕಾದವನು ಡೇಟಾನ ಗೆಳೆಯ ರೈಕರ್. ಒಲ್ಲೆ ಅಂದರೆ ಡೇಟಾ ಆಸ್ತಿ ಅಂತ ಅಲ್ಲೇ ತೀರ್ಪು. ರಾತ್ರಿ ಕೂತು ಡೇಟಾನ ನಕ್ಷೆ ನೋಡುವಾಗ ರೈಕರ್‌ಗೆ ಅವನನ್ನು ಆಫ್ ಮಾಡುವ ಸ್ವಿಚ್ ಸಿಗುತ್ತದೆ. ಗೆದ್ದೆ ಅಂತ ಮುಖ ಅರಳುತ್ತೆ, ಮರುಕ್ಷಣವೇ ಬಾಡುತ್ತೆ. ಒಂದೂ ಮಾತಿಲ್ಲ. ಮುಂದಿನದನ್ನು ನೀವೇ ನೋಡಿ. ಈ ಒಳ್ಳೆಯತನ ಪುಕ್ಕಟೆ ಬಂದದ್ದಲ್ಲ, ಅಲ್ವಾ?

ಹಾಗಂತ ಎಲ್ಲರೂ ದೇವರೇನಲ್ಲ. ಮೂರನೇ ಸೀಸನ್‌ನ 21ನೇ ಎಪಿಸೋಡ್‌ನಲ್ಲಿ ಬಾರ್ಕ್ಲೆ ಅನ್ನೋ ಹಿಂಜರಿಕೆಯ ಎಂಜಿನಿಯರ್ ಬರುತ್ತಾನೆ. ಬೆನ್ನ ಹಿಂದೆ ಅವನಿಗೆ ಬ್ರೊಕೊಲಿ ಅಂತ ಅಡ್ಡಹೆಸರು. ಇದು ನಿಲ್ಲಬೇಕು ಅಂತ ಪಿಕಾರ್ಡ್ ಗಟ್ಟಿಯಾಗಿ ಹೇಳುತ್ತಾರೆ. ಆಮೇಲೆ ಬಾಯಿ ತಪ್ಪಿ ತಾವೇ ಅವನನ್ನು ‘ಮಿಸ್ಟರ್ ಬ್ರೊಕೊಲಿ’ ಅನ್ನುತ್ತಾರೆ! ಆ ಮುಖ ನೋಡಬೇಕು ನೀವು.

ನಂತರ ಐದನೇ ಸೀಸನ್‌ನ ಎರಡನೆಯದು, ‘ಡಾರ್ಮಾಕ್’. ಟಮೇರಿಯನ್ನರು ಅನ್ನೋ ಅನ್ಯಗ್ರಹದವರು ಬರೀ ತಮ್ಮ ಪುರಾಣದ ಹೆಸರುಗಳಲ್ಲೇ ಮಾತಾಡುತ್ತಾರೆ. ಪದಗಳು ಅರ್ಥವಾಗುತ್ತವೆ, ಮಾತು ಅರ್ಥವಾಗಲ್ಲ. ನಮಗಿದು ಹೊಸದೇನಲ್ಲ. ‘ಉತ್ತರನ ಪೌರುಷ ಒಲೆ ಮುಂದೆ’ ಅಂದರೆ ನಾವು ನಗುತ್ತೇವೆ, ಮಹಾಭಾರತ ಕೇಳದವನಿಗೆ ಉತ್ತರ ಅಂದರೆ ದಿಕ್ಕು! ಟಮೇರಿಯನ್ ಕ್ಯಾಪ್ಟನ್ ಎರಡು ಕಠಾರಿ ಹಿಡಿದು ಬಂದು ಒಂದನ್ನು ಪಿಕಾರ್ಡ್‌ಗೆ ಕೊಡಲು ನೋಡುತ್ತಾನೆ. ಕಾಳಗಕ್ಕೆ ಕರೆದ ಅಂತ ಪಿಕಾರ್ಡ್ ತಿಳಿಯುತ್ತಾರೆ. ಅವನ ಉದ್ದೇಶವೇ ಬೇರೆ. ಬೆಂಕಿ ಪಕ್ಕ ಕೂತು, ಗಾಯಗೊಂಡ ಅವನಿಗೆ ಪಿಕಾರ್ಡ್ ಪ್ರಾಚೀನ ಮೆಸೊಪೊಟೇಮಿಯಾದ ವೀರ ಗಿಲ್ಗಮೆಶ್‌ನ ಕಥೆ ಹೇಳುವ ದೃಶ್ಯಕ್ಕೆ ನಾನು ಪ್ರತಿ ಸಲವೂ ಕಣ್ಣು ಒರೆಸಿಕೊಳ್ಳುತ್ತೇನೆ.

ಇವು ಹಿಡಿಸಿದರೆ ಅದೇ ಸೀಸನ್‌ನ 25ನೆಯದು, ‘ದಿ ಇನ್ನರ್ ಲೈಟ್’. 1993ರಲ್ಲಿ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂದದ್ದು ಇದಕ್ಕೇ. ಕಥೆ ಹೇಳಲ್ಲ, ಒಂದು ಕೊಳಲು ಬರುತ್ತೆ ಅಷ್ಟೇ ಹೇಳುತ್ತೇನೆ. ಆಮೇಲೆ ಮೂರನೇ ಸೀಸನ್‌ನಿಂದ ಸಾಲಾಗಿ ನೋಡುತ್ತಾ ಹೋಗಿ. ಒಂದೊಂದು ಸುಮಾರು 45 ನಿಮಿಷ, ರಾತ್ರಿ ಊಟ ಆದಮೇಲೆ ಒಂದರಂತೆ ಸಾಕು. ಸಬ್‌ಟೈಟಲ್ ಹಾಕಿಕೊಳ್ಳಿ, ಹಡಗಿನ ತಾಂತ್ರಿಕ ಮಾತು ತಲೆಗೆ ಹೋಗದಿದ್ದರೆ ಸುಮ್ನೆ ಬಿಟ್ಟುಬಿಡಿ, ನನಗೂ ಅರ್ಧ ಅರ್ಥವಾಗಲ್ಲ.

1994ರ ಕೊನೆಯ ಎಪಿಸೋಡ್‌ಗೆ ಮಾತ್ರ ಈಗಲೇ ಹೋಗಬೇಡಿ. ಕೊನೆಗೆ ಒಂದು ಇಸ್ಪೀಟಾಟ ಇದೆ. ಏಳು ಸೀಸನ್ ನೋಡದವರಿಗೆ ಅದು ಬರೀ ಇಸ್ಪೀಟಾಟ.