ಅಪ್ಪನ ಅಂಗಡಿ ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ ಏನು ಮಾಡಬೇಕು?

ತಾತ ಹಾಕಿದ ಹಾರ್ಡ್‌ವೇರ್ ಅಂಗಡಿ, ಈಗ ಅಪ್ಪ ಮತ್ತು ಚಿಕ್ಕಪ್ಪ ನಡೆಸುತ್ತಿದ್ದಾರೆ, ಮುಂದಿನ ವರ್ಷ ನಾನೂ ಸೇರುತ್ತೇನೆ ಎಂದು ಬರೆದಿದ್ದೀರಿ. ಕೆಲವು ಮನೆತನಗಳ ವ್ಯಾಪಾರ ನೂರಾರು ವರ್ಷ ಹೇಗೆ ಉಳಿಯುತ್ತದೆ ಎಂದೂ ಕೇಳಿದ್ದೀರಿ. ಸೇರುವ ಮೊದಲೇ ಇದನ್ನು ಕೇಳಿದ್ದು ತುಂಬಾ ಒಳ್ಳೆಯದಾಯಿತು. ನಮ್ಮ ಮನೆಯಲ್ಲಿ ಈ ಪ್ರಶ್ನೆ ಕೇಳುವ ಹೊತ್ತಿಗೆ ತಡವಾಗಿತ್ತು.

ಹಾಸನದಲ್ಲಿ ನಮ್ಮದು ಪಾತ್ರೆ ಅಂಗಡಿ. ತಾತ 1954ರಲ್ಲಿ ಶುರು ಮಾಡಿದರು. ಆಮೇಲೆ ಅಪ್ಪ, ಈಗ ನಾನು. ವ್ಯಾಪಾರ ಕಮ್ಮಿಯಾಗಿ ಮುಚ್ಚಿದ ಅಂಗಡಿಗಳನ್ನು ನಾನು ಕಂಡಿದ್ದೇನೆ. ಆದರೆ ವ್ಯಾಪಾರ ಚೆನ್ನಾಗಿದ್ದೂ ಮುಚ್ಚಿದವು ಅದಕ್ಕಿಂತ ಜಾಸ್ತಿ. ಯಾರಿಗೆ ಏನು ಎಂಬ ಮಾತನ್ನು ಎಲ್ಲರೂ ಬದುಕಿರುವಾಗ, ಎಲ್ಲರೂ ಮಾತಾಡಿಕೊಂಡಿರುವಾಗ ಆಡದೆ ಇದ್ದದ್ದೇ ಬಹುಪಾಲು ಕಾರಣ.

ನಮ್ಮದನ್ನೇ ಹೇಳುತ್ತೇನೆ. ತಾತ 1996ರಲ್ಲಿ ತೀರಿಕೊಂಡರು. ಆಗ ನನಗೆ ಹದಿನಾಲ್ಕು. ಸೇಲ್ಸ್ ಟ್ಯಾಕ್ಸ್ ನಂಬರ್, ಬ್ಯಾಂಕ್ ಖಾತೆ, ಅಂಗಡಿಯ ಬಾಡಿಗೆ ಕರಾರು, ಎಲ್ಲವೂ ಅವರೊಬ್ಬರ ಹೆಸರಲ್ಲಿತ್ತು. ವಿಲ್ ಇರಲಿಲ್ಲ, ಪಾಲುದಾರಿಕೆ ಪತ್ರ ಇರಲಿಲ್ಲ. ಗೋಡೌನ್ ತುಂಬಾ ಮಾಲು, ಕೈಯಲ್ಲಿ ಕಾಸಿಲ್ಲ. ಮದುವೆ ಸೀಸನ್ ಬಂತು, ಹೊಸ ಮಾಲು ತರಿಸುವ ಹಾಗಿಲ್ಲ. ಅಪ್ಪ ಮತ್ತು ದೊಡ್ಡಪ್ಪ ಒಂದೇ ಗಲ್ಲಾ ಮುಂದೆ ಕೂತು ಹನ್ನೊಂದು ತಿಂಗಳು ಒಬ್ಬರಿಗೊಬ್ಬರು ನೆಟ್ಟಗೆ ಮಾತಾಡಲಿಲ್ಲ. ಇಬ್ಬರೂ ಒಳ್ಳೆಯವರೇ. ತಾತನ ಮನಸ್ಸಲ್ಲಿ ಏನಿತ್ತು ಎಂದು ಇಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ.

ಕೊನೆಗೆ ಕಾಗದಕ್ಕೆ ಅತ್ತೆಯ ಸಹಿ ಬೇಕಾಯಿತು. ಅತ್ತೆ ಅಂದರೆ ಅಪ್ಪನ ತಂಗಿ, ಅರಸೀಕೆರೆಗೆ ಕೊಟ್ಟಿದ್ದರು. ಆವರೆಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಬಂದು ನಡುಮನೆಯಲ್ಲಿ ಕೂತರು. "ಸಹಿ ಮಾಡ್ತೀನಿ ಅಣ್ಣ, ಆದ್ರೆ ಯಾತಕ್ಕೆ ಅಂತ ಒಬ್ರಾದ್ರೂ ಕೂತು ಹೇಳಿ" ಎಂದರು. ಇಡೀ ವರ್ಷದಲ್ಲಿ ಮೊದಲ ಸಲ ಮೂವರೂ ಒಟ್ಟಿಗೆ ಕೂತದ್ದು ಅವತ್ತೇ. ರಾತ್ರಿ ಎರಡು ಗಂಟೆಯವರೆಗೆ ಮಾತು ನಡೆಯಿತು.

ತೀರ್ಮಾನ ಆದದ್ದು ಹೀಗೆ. ಅಂಗಡಿಯನ್ನು ಒಡೆಯುವುದು ಬೇಡ. ಗೋಡೌನ್ ಮತ್ತು ಅದರ ಹಿಂದಿನ ಸೈಟು ದೊಡ್ಡಪ್ಪನಿಗೆ. ಅಂಗಡಿ ಅಪ್ಪನಿಗೆ, ಅದರಲ್ಲಿ ಅತ್ತೆಯೂ ಪಾಲುದಾರರು. ಲೆಕ್ಕದಲ್ಲಿ ದೊಡ್ಡಪ್ಪನಿಗೆ ಬರಬೇಕಾದ ಬಾಕಿಯನ್ನು ಅಪ್ಪ ಆರು ವರ್ಷದಲ್ಲಿ ತೀರಿಸಿದರು. ದೊಡ್ಡಪ್ಪ ಆ ಜಾಗದಲ್ಲಿ ಟೈಲ್ಸ್ ಅಂಗಡಿ ಹಾಕಿದರು, ಅದೂ ಚೆನ್ನಾಗಿದೆ. ಗೌರಿ ಹಬ್ಬದ ಊಟ ಇವತ್ತಿಗೂ ಒಂದೇ ಮನೆಯಲ್ಲಿ.

ಅದೇ ಕಾಲದಲ್ಲಿ ನಮ್ಮ ಬೀದಿಯ ಒಂದು ದೊಡ್ಡ ಜವಳಿ ಅಂಗಡಿಯ ಅಣ್ಣತಮ್ಮಂದಿರು ಬೇರೆಯಾದರು. ಅವರು ಅಂಗಡಿಯ ನಟ್ಟನಡುವೆ ಗೋಡೆ ಎಬ್ಬಿಸಿದರು. ಎರಡು ಬಾಗಿಲು, ಎರಡು ಬೋರ್ಡು, ಎರಡರಲ್ಲೂ ಒಂದೇ ಹೆಸರು. ಒಬ್ಬರ ಹತ್ತಿರ ಸೀರೆ ಇದ್ದರೆ ಪಂಚೆ ಇಲ್ಲ. ಗಿರಾಕಿಗೆ ಯಾವ ಬಾಗಿಲು ಹತ್ತಬೇಕೆಂದೇ ಸಂಕೋಚ. ಏಳೆಂಟು ವರ್ಷದಲ್ಲಿ ಎರಡೂ ಹೋದವು. ಈಗಲೂ ಆ ಜಾಗ ದಾಟುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಾಗಿ ಮೊದಲನೆಯದು ಪಾಲುದಾರಿಕೆ ಪತ್ರ. ನಿಮ್ಮಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೂ ಇರುವುದರಿಂದ ಇದನ್ನು ಗಮನವಿಟ್ಟು ಓದಿ. ನಮ್ಮ ದೇಶದ ಪಾಲುದಾರಿಕೆ ಕಾಯ್ದೆ 1932ರದ್ದು. ಅದರ 42ನೇ ಸೆಕ್ಷನ್ ಪ್ರಕಾರ, ಪತ್ರದಲ್ಲಿ ಬೇರೆ ಥರ ಬರೆದುಕೊಂಡಿಲ್ಲದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡರೆ ಆ ಪಾಲುದಾರಿಕೆಯೇ ಮುಗಿಯಿತು. ಇಬ್ಬರೇ ಪಾಲುದಾರರಿದ್ದರೆ ಹೇಗೆ ಬರೆದಿದ್ದರೂ ಒಬ್ಬರು ಹೋದ ಮೇಲೆ ಉಳಿದ ಒಬ್ಬರಿಂದ ಪಾಲುದಾರಿಕೆ ಆಗುವುದಿಲ್ಲ. ಹಾಗಾಗಿ ನೀವು ಸುಮ್ನೆ ಸಂಬಳಕ್ಕೆ ಸೇರುವ ಬದಲು ಮೂರನೇ ಪಾಲುದಾರರಾಗಿ ಸೇರುವುದು ವಾಸಿ. ಮನೆಯ ಹೆಣ್ಣುಮಕ್ಕಳ ವಿಷಯವನ್ನೂ ಅದೇ ದಿನ ಮಾತಾಡಿ. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಕಾನೂನು ಹೇಳುತ್ತದೆ ಅಂತ ಮಾತ್ರ ಅಲ್ಲ, ನಮ್ಮ ಮನೆಯ ಗಂಟು ಬಿಡಿಸಿದ್ದು ಅತ್ತೆಯೇ ಅಲ್ವಾ?

ಎರಡನೆಯದು ಮನೆಯ ಕಾಸು, ಅಂಗಡಿಯ ಕಾಸು. ತಾತನ ಕಾಲದಲ್ಲಿ ಹಾಲಿನವನು ಬಂದರೂ ಗಲ್ಲಾದಿಂದ ಕೊಡುತ್ತಿದ್ದರು. ತಿಂಗಳ ಕೊನೆಗೆ ಲಾಭ ಎಷ್ಟು, ಮನೆ ಖರ್ಚು ಎಷ್ಟು, ದೇವರಿಗೇ ಗೊತ್ತು. ಪಾಲಾದ ಮೇಲೆ ಅಪ್ಪ ಇದನ್ನು ಪೂರ್ತಿ ನಿಲ್ಲಿಸಿದರು. ಅಂಗಡಿಯಲ್ಲಿ ದುಡಿಯುವವರಿಗೆ ಸಂಬಳ. ದುಡಿಯದ ಪಾಲುದಾರರಿಗೆ ವರ್ಷದ ಲಾಭದಲ್ಲಿ ಪಾಲು. ಗಲ್ಲಾಕ್ಕೆ ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. ಒಂದು ಸಲ ಅಮ್ಮ ಐದು ಲೀಟರಿನ ಕುಕ್ಕರ್ ತೆಗೆದುಕೊಂಡು ಹೊರಟರು. ಅಪ್ಪ ಏನೂ ಹೇಳಲಿಲ್ಲ. ಬಿಲ್ ಬರೆದರು, ಜೇಬಿನಿಂದ ದುಡ್ಡು ತೆಗೆದು ಗಲ್ಲಾದಲ್ಲಿಟ್ಟರು, ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ಅಮ್ಮನ ಹೆಸರು ಬರೆದರು. ಅಮ್ಮನಿಗೆ ಎರಡು ದಿನ ಬೇಜಾರಾಗಿತ್ತು. ಆದರೆ ಅರಸೀಕೆರೆಯಲ್ಲಿರುವ ಅತ್ತೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಲೆಕ್ಕ ಕೇಳಿಲ್ಲ. ಕೇಳದಿದ್ದರೂ ದೀಪಾವಳಿಗೆ ಮುಂಚೆ ಲೆಕ್ಕ ಅವರ ಮನೆಗೆ ಹೋಗುತ್ತದೆ.

ನೂರಾರು ವರ್ಷ ಉಳಿದದ್ದಕ್ಕೆ ದೊಡ್ಡ ಉದಾಹರಣೆ ಬೇಕೆಂದರೆ ಜಪಾನಿನ ಕೊಂಗೊ ಗುಮಿ. ದೇವಸ್ಥಾನ ಕಟ್ಟುವ ಬಡಗಿಗಳ ಮನೆತನ. ಕ್ರಿ.ಶ. 578ರಲ್ಲಿ ಕೊರಿಯಾ ಕಡೆಯಿಂದ ಬಂದು ಒಸಾಕಾದ ಶಿತೆನ್ನೋಜಿ ಬೌದ್ಧ ದೇವಾಲಯ ಕಟ್ಟಿದವರು. ಸುಮಾರು 1,400 ವರ್ಷ, ನಲವತ್ತು ತಲೆಮಾರು ಒಂದೇ ಮನೆತನ ಅದನ್ನು ನಡೆಸಿತು. ಹಿರಿಯ ಮಗನಿಗೇ ಪಟ್ಟ ಎಂಬ ಹಠ ಅವರಿಗಿರಲಿಲ್ಲ. ಮಗನಿಗೆ ಕೈ ಬರದಿದ್ದರೆ ಕೆಲಸ ಬಲ್ಲ ಹುಡುಗನನ್ನು ಅಳಿಯನಾಗಿ ತಂದು, ಮನೆತನದ ಹೆಸರು ಕೊಟ್ಟು, ಅವನನ್ನೇ ಯಜಮಾನ ಮಾಡುತ್ತಿದ್ದರು. ನಮ್ಮ ಕಡೆ ಮನೆ ಅಳಿಯ ಎಂದರೆ ಮೂಗು ಮುರಿಯುತ್ತೇವೆ, ಅಲ್ಲಿ ಅದೇ ಮನೆತನವನ್ನು ಕಾಪಾಡಿತು. 37ನೇ ಯಜಮಾನ ಹೋದ ಮೇಲೆ ಅವರ ಹೆಂಡತಿಯೇ 38ನೆಯವರಾಗಿ ನಡೆಸಿದರು.

ಅಂಥದ್ದೂ 2006ರಲ್ಲಿ ಕೈತಪ್ಪಿತು. ದೇವಸ್ಥಾನದ ಕೆಲಸ ಕಮ್ಮಿಯಾದದ್ದು ಮಾತ್ರ ಕಾರಣ ಅಲ್ಲ. 1980ರ ದಶಕದಲ್ಲಿ ಜಪಾನಿನಲ್ಲಿ ಜಾಗದ ಬೆಲೆ ಏರುತ್ತಿದ್ದಾಗ ಸಾಲ ಮಾಡಿ ಜಾಗ ಕೊಂಡಿದ್ದರು. ಬೆಲೆ ಕುಸಿಯಿತು, ಸಾಲ ಉಳಿಯಿತು. ಕೊನೆಗೆ ತಾಕಮಾತ್ಸು ಎಂಬ ದೊಡ್ಡ ಕಂಪನಿ ಅದನ್ನು ವಹಿಸಿಕೊಂಡಿತು. ಇದನ್ನು ಓದಿದಾಗ ನನಗೆ ನಮ್ಮ ಊರಿನವರೇ ನೆನಪಾದರು. ಅಂಗಡಿಯ ಹೆಸರಲ್ಲಿ ಸಾಲ ತೆಗೆದು ಲೇಔಟಿನಲ್ಲಿ ಸೈಟು ಹಾಕುವವರು ಎಷ್ಟು ಜನ! ದಯವಿಟ್ಟು ಅದನ್ನು ಮಾಡಬೇಡಿ.

ನಮ್ಮ ಬೆಂಗಳೂರಿನ ಎಂಟಿಆರ್ ನೋಡಿ. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ಕಮ್ಮಿ ಬೆಲೆ ಕಟ್ಟಿದಾಗ ಹೋಟೆಲ್ ಮುಚ್ಚಬೇಕಾಯಿತು. ಆಗ ಅದೇ ಕೆಲಸಗಾರರನ್ನು ಇಟ್ಟುಕೊಂಡು ಮಿಕ್ಸ್ ಪೊಟ್ಟಣ ಮಾಡಿ ಮಾರಿದರು. 2007ರಲ್ಲಿ ಆ ಪೊಟ್ಟಣದ ವ್ಯಾಪಾರವನ್ನು ನಾರ್ವೆಯ ಓರ್ಕ್ಲಾ ಕಂಪನಿಗೆ ಮಾರಿದರು, ಹೋಟೆಲ್ ಮಾತ್ರ ಮನೆಯವರ ಹತ್ತಿರ ಉಳಿಯಿತು. ಮೂರನೇ ತಲೆಮಾರಿನಲ್ಲಿ ಹೇಮಮಾಲಿನಿ ಮಯ್ಯ ಮತ್ತು ಅವರ ತಮ್ಮಂದಿರು ನಡೆಸುತ್ತಿದ್ದಾರೆ. ಮಾರಿದ್ದು ಸೋಲು ಎಂದು ನನಗೆ ಅನ್ನಿಸುವುದಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ಮನೆಯವರಿಗೆ ಗೊತ್ತಿರಬೇಕು.

ನಮ್ಮ ಅಂಗಡಿಯಲ್ಲಿ ಹಿತ್ತಾಳೆ, ತಾಮ್ರ ಹೋಗಿ ಸ್ಟೀಲ್ ಬಂತು. ಆಮೇಲೆ ನಾನ್‌ಸ್ಟಿಕ್ ಬಂತು. ಈಗ ಅರ್ಧ ವ್ಯಾಪಾರ ಹೋಟೆಲಿನವರದು, ಅಡುಗೆ ಕಂಟ್ರಾಕ್ಟರುಗಳದು. ಸಣ್ಣ ಸಾಮಾನನ್ನು ಜನ ಮೊಬೈಲಿನಲ್ಲೇ ತರಿಸುತ್ತಾರೆ, ಅದರ ಹಿಂದೆ ನಾನು ಓಡುವುದಿಲ್ಲ. ನಾವು ಬಿಡದೆ ಇಟ್ಟುಕೊಂಡದ್ದು ಎರಡು. ಹಳೇ ಸಾಮಾನು ಹಾಕಲು ಬಂದವರ ಕಣ್ಣೆದುರೇ ತೂಕ ಹಾಕುವುದು. ಪಾತ್ರೆಗೆ ಹೆಸರು ಕೊರೆದು ಕೊಡುವುದು.

ಹೋದ ವರ್ಷ ಆಲೂರಿನ ಕಡೆಯ ಒಬ್ಬ ಅಜ್ಜಿ ತಾಮ್ರದ ಹಂಡೆ ತಂದಿದ್ದರು. ಕಂಠದ ಕೆಳಗೆ ಅವರ ಹೆಸರು, 12-5-1968 ಎಂದು ಮದುವೆ ತಾರೀಖು. ಮೊದಲಿಗೆ ಒಂದು "ಶ್ರೀ", ಅದರ ಬಾಲ ಉದ್ದಕ್ಕೆ ಎಳೆದಿತ್ತು. ನೋಡಿದ ತಕ್ಷಣ ತಾತನ ಕೈ ಎಂದು ಗೊತ್ತಾಯಿತು. ಅದರ ಕೆಳಗೆ ಮೊಮ್ಮಗಳ ಹೆಸರು ಬೇಕೆಂದರು. ಈಗ ಕರೆಂಟಿನ ಮೆಷಿನ್ ಇದೆ, ಎರಡು ನಿಮಿಷದ ಕೆಲಸ. ಆದರೆ ತಾತ ಉಳಿಯಲ್ಲಿ ಚುಕ್ಕಿ ಚುಕ್ಕಿ ಹೊಡೆದಿದ್ದರು. ಮೆಷಿನ್ ಗೆರೆ ಅದರ ಪಕ್ಕ ಒಪ್ಪುತ್ತಿರಲಿಲ್ಲ. ಅಪ್ಪನ ಹಳೇ ಉಳಿ ಹುಡುಕಿ, ಮುಕ್ಕಾಲು ಗಂಟೆ ಕೂತು ಹೊಡೆದೆ. ಅಜ್ಜಿ ಬೆರಳಲ್ಲಿ ಎರಡೂ ಹೆಸರು ಸವರಿ ನೋಡಿದರು. ಮೊಮ್ಮಗಳ ಮದುವೆಯ ಪಾತ್ರೆಯೆಲ್ಲ ನಮ್ಮಲ್ಲೇ ತೆಗೆದರು.

ಆ ಉಳಿ ಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ 2008ರಲ್ಲಿ ಅಂಗಡಿಗೆ ಬಂದಾಗ ಅಪ್ಪ ನನ್ನನ್ನು ಗಲ್ಲಾದಲ್ಲಿ ಕೂರಿಸಲಿಲ್ಲ. ಸಾಮಾನು ಇಳಿಸು, ಒರೆಸು, ಜೋಡಿಸು ಎಂದರು. ಆಗ ಕೋಪ ಬರುತ್ತಿತ್ತು. ಆದರೆ ಇಪ್ಪತ್ತು ವರ್ಷದಿಂದ ಇದ್ದ ಕೆಲಸಗಾರರು ನನ್ನನ್ನು ಯಜಮಾನರ ಮಗ ಎಂದು ನೋಡದೆ ಕೆಲಸ ಕಲಿಸಿದ್ದು ಆ ಎರಡು ವರ್ಷದಲ್ಲೇ. ನೀವೂ ಮೊದಲು ಗೋಡೌನಿನಲ್ಲಿ ನಿಲ್ಲಿ. ನಿಮಗೆ ಮನಸ್ಸಿಲ್ಲದಿದ್ದರೆ ಈಗಲೇ ಹೇಳಿಬಿಡಿ, ಅದರಲ್ಲಿ ತಪ್ಪೇನೂ ಇಲ್ಲ.

ಈ ವಾರವೇ ಒಂದು ಕೆಲಸ ಮಾಡಿ. ಅಪ್ಪ ಮತ್ತು ಚಿಕ್ಕಪ್ಪನ ಪಾಲುದಾರಿಕೆ ಪತ್ರ ಎಲ್ಲಿದೆ ಎಂದು ಕೇಳಿ, ತೆಗೆಸಿ ಓದಿ. ಅಂಗಡಿಯ ಕರಾರು ಯಾರ ಹೆಸರಲ್ಲಿದೆ ನೋಡಿ. ತಾತನ ಹೆಸರಲ್ಲೇ ಉಳಿದಿದ್ದರೆ ಇಲ್ಲೇ ಕೆಳಗೆ ಬರೆಯಿರಿ. ನಾವು ಯಾವ ಕಾಗದ ಮೊದಲು ಮಾಡಿಸಿದೆವು, ಯಾವುದು ಆಮೇಲೆ ಎಂದು ವಿವರವಾಗಿ ಹೇಳುತ್ತೇನೆ.