ಬೆಳಗಿನ ಜಾವ ಬ್ಯಾಂಕಾಕ್‌ನಲ್ಲಿ ಇಳಿಯುವವರಿಗೆ

ಬೆಂಗಳೂರಿನಿಂದ ರಾತ್ರಿಯ ವಿಮಾನದಲ್ಲಿ ಹೊರಟು ಬೆಳಗಿನ ಜಾವ ಬ್ಯಾಂಕಾಕ್ ತಲುಪುತ್ತೇನೆ, ಇದು ನನ್ನ ಮೊದಲ ವಿದೇಶ ಪ್ರವಾಸ, ಕೈಯಲ್ಲಿರುವ ಹಣ ಕಡಿಮೆ, ಮೇಲಾಗಿ ಸಸ್ಯಾಹಾರಿ, ಊರೊಳಕ್ಕೆ ಹೋಗುವುದು ಹೇಗೆ, ಉಳಿಯುವುದೆಲ್ಲಿ ಎಂದು ತಾವು ಕೇಳಿದ್ದೀರಿ. ನಾನು ಮೂರು ಬಾರಿ ಹೀಗೆಯೇ ಹೋಗಿ ಬಂದವನು. ಮೊದಲ ಸಲ ನಾನು ದಂಡವಾಗಿ ಕಳೆದುಕೊಂಡ ಹಣವೆಲ್ಲ ಇಳಿದ ಮೊದಲ ಅರ್ಧ ದಿನದಲ್ಲೇ ಹೋಯಿತು. ಆದ್ದರಿಂದ ಆ ಅರ್ಧ ದಿನದ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲು ಟಿಕೆಟ್ ತೆಗೆದು ನೋಡಿ, ಏಕೆಂದರೆ ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣಗಳಿವೆ. ದೊಡ್ಡದಾದ ಸುವರ್ಣಭೂಮಿ ನಗರದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಹಳೆಯದಾದ ಡಾನ್ ಮುಅಂಗ್ ಉತ್ತರದಲ್ಲಿದ್ದು, ಅಗ್ಗದ ವಿಮಾನಗಳು ಹೆಚ್ಚಾಗಿ ಅಲ್ಲಿಯೇ ಇಳಿಯುತ್ತವೆ. ಎಲ್ಲಿ ಇಳಿದರೂ, 2025ರ ಮೇ 1ರಿಂದ ಜಾರಿಗೆ ಬಂದಿರುವ ಡಿಜಿಟಲ್ ಆಗಮನ ಪತ್ರವನ್ನು ಅಲ್ಲಿಗೆ ತಲುಪುವ ಮುನ್ನಿನ ಮೂರು ದಿನಗಳ ಒಳಗೆ ಅಂತರ್ಜಾಲದಲ್ಲಿ ತುಂಬಿರಬೇಕು. ಅದು ಪೂರ್ತಿ ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿಯಿರಿ. ವೀಸಾ ನಿಯಮಗಳು ಇತ್ತೀಚೆಗೆ ಬದಲಾಗುತ್ತಲೇ ಇರುವುದರಿಂದ ಅವನ್ನು ಥಾಯ್ ರಾಯಭಾರ ಕಚೇರಿಯ ತಾಣದಲ್ಲಿಯೇ ನೋಡಿಕೊಳ್ಳುವುದು ಒಳ್ಳೆಯದು. ಹಿಂದಿರುಗುವ ಟಿಕೆಟ್ಟಿನ ಮುದ್ರಿತ ಪ್ರತಿಯೊಂದು ಕೈಚೀಲದಲ್ಲಿರಲಿ.

ಇನ್ನು ಹಣ. ಸುವರ್ಣಭೂಮಿಯಲ್ಲಿ ಸಾಮಾನು ಪಡೆದು ಹೊರಬಂದ ಕೂಡಲೇ ಕಣ್ಣಿಗೆ ಬೀಳುವ ವಿನಿಮಯ ಕೌಂಟರುಗಳಲ್ಲಿ ನಾನು ಮೊದಲ ಸಲ ಪೂರ್ತಿ ಹಣವನ್ನು ಬದಲಿಸಿಕೊಂಡೆ. ಎರಡು ಮಹಡಿ ಕೆಳಗೆ, ರೈಲು ಹೊರಡುವ ನೆಲಮಾಳಿಗೆಯಲ್ಲಿ, ಎಷ್ಟೋ ಉತ್ತಮ ದರ ಕೊಡುವ ಖಾಸಗಿ ವಿನಿಮಯ ಅಂಗಡಿಗಳು ಸಾಲಾಗಿರುವುದು ಆಮೇಲೆ ಕಂಡಿತು. ರೂಪಾಯಿ ನೋಟುಗಳಿಗೆ ಅಲ್ಲಿ ಸಿಗುವ ದರ ಚೆನ್ನಾಗಿರುವುದಿಲ್ಲ. ಇಲ್ಲಿಂದಲೇ ಡಾಲರ್ ಒಯ್ಯುವುದು ಲೇಸು, ಅದೂ ಮಡಿಕೆ ಬೀಳದ ನೂರರ ನೋಟುಗಳಿಗೆ ಸಣ್ಣ ನೋಟುಗಳಿಗಿಂತ ಹೆಚ್ಚು ದರ ಸಿಗುತ್ತದೆ. ಎಟಿಎಂನಿಂದ ತೆಗೆದರೆ, ತೆಗೆಯುವ ಮೊತ್ತ ಎಷ್ಟೇ ಸಣ್ಣದಾದರೂ, ವಿದೇಶಿ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗೂ ಮೀರಿದ ಶುಲ್ಕ ಬೀಳುತ್ತದೆ. (ಬಾತ್ ಎಂದರೆ ಅಲ್ಲಿನ ನಾಣ್ಯ, ನಮ್ಮ ತಿಂಡಿಯಲ್ಲ, ಒಂದಕ್ಕೆ ಎರಡೂವರೆಯಿಂದ ಮೂರು ರೂಪಾಯಿಯ ಆಸುಪಾಸು.)

ಅದೇ ನೆಲಮಾಳಿಗೆಯಿಂದ ಏರ್‌ಪೋರ್ಟ್ ರೈಲ್ ಲಿಂಕ್ ಹೊರಡುತ್ತದೆ. ಕೊನೆಯ ನಿಲ್ದಾಣವಾದ ಫಯಾ ಥಾಯ್‌ವರೆಗೆ ಸುಮಾರು ಅರ್ಧ ಗಂಟೆಯ ಪ್ರಯಾಣ, 45 ಬಾತ್. ಅಲ್ಲಿ ಮೇಲ್ಸೇತುವೆಯ ಮೇಲೆ ಓಡುವ ಬಿಟಿಎಸ್ ರೈಲು ಸಿಗುತ್ತದೆ. ನಡುವಿನ ಮಕ್ಕಸನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಫೆಚ್ಚಬುರಿ ಎಂಬಲ್ಲಿ ಸುರಂಗದಲ್ಲಿ ಓಡುವ ಎಂಆರ್‌ಟಿ ರೈಲು ಸಿಗುತ್ತದೆ. ಡಾನ್ ಮುಅಂಗ್‌ನಲ್ಲಿ ಇಳಿದವರಿಗೆ 2021ರಲ್ಲಿ ಆರಂಭವಾದ ಕೆಂಪು ಮಾರ್ಗದ ರೈಲಿದೆ, ಮೋ ಚಿತ್ ಬಿಟಿಎಸ್ ನಿಲ್ದಾಣದವರೆಗೆ ಎ1 ಬಸ್ಸೂ ಇದೆ. ಈ ಹೆಸರುಗಳಿಗೆ ಹೆದರಬೇಡಿ. ಬುರಿ ಎಂದರೆ ಪುರಿಯೇ. ರೈಲಿನ ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಕೇಳುವ ಸಥಾನಿ ನಮ್ಮ ಸ್ಥಾನವೇ, ವಾಹನಕ್ಕೆ ಅವರು ಹೇಳುವ ರೊತ್ ನಮ್ಮ ರಥ, ಆಹಾನ್ ನಮ್ಮ ಆಹಾರ. ಸುವರ್ಣಭೂಮಿಯನ್ನು ಮಾತ್ರ ಸುವನ್ನಫೂಮ್ ಎನ್ನಿ. ಬರೆದಂತೆ ಉಚ್ಚರಿಸಿದರೆ ಟ್ಯಾಕ್ಸಿಯವರಿಗೆ ಅರ್ಥವಾಗುವುದಿಲ್ಲ.

ಉಳಿಯುವ ಜಾಗದ ವಿಷಯದಲ್ಲಿ ನನ್ನ ಅಭಿಪ್ರಾಯ ಬಹುಜನರ ಸಲಹೆಗಿಂತ ಬೇರೆ. ಕಡಿಮೆ ಖರ್ಚೆಂದರೆ ಖಾವೊ ಸಾನ್ ರಸ್ತೆ ಎಂಬ ಮಾತಿದೆ, ಅಲ್ಲಿ ಅಗ್ಗದ ಕೋಣೆಗಳಿರುವುದೂ ನಿಜ. ಆದರೆ ಅದರ ಬಳಿ ಯಾವ ರೈಲು ನಿಲ್ದಾಣವೂ ಇಲ್ಲ, ರಾತ್ರಿ ಎರಡರವರೆಗೆ ಸಂಗೀತದ ಅಬ್ಬರ ನಿಲ್ಲುವುದಿಲ್ಲ. ಕೋಣೆಯಲ್ಲಿ ಉಳಿಸಿದ್ದನ್ನು ಪ್ರತಿದಿನ ಟುಕ್‌ಟುಕ್‌ಗೆ, ಅಂದರೆ ಅಲ್ಲಿನ ಆಟೋರಿಕ್ಷಾಗೆ, ತೆರಬೇಕಾಗುತ್ತದೆ. ಫಯಾ ಥಾಯ್ ಅಥವಾ ಅದರ ಮುಂದಿನ ರಾಚಥೇವಿ ನಿಲ್ದಾಣದ ಸುತ್ತಮುತ್ತ ಹಾಸಿಗೆ ಲೆಕ್ಕದ ಹಾಸ್ಟೆಲುಗಳಿವೆ, ರೈಲಿನಿಂದ ಇಳಿದು ನಡೆದೇ ಹೋಗಬಹುದು. ಮಧ್ಯಾಹ್ನ ಎರಡಕ್ಕೆ ಮುನ್ನ ಕೋಣೆ ಕೊಡುವವರು ವಿರಳ, ಆದರೆ ಚೀಲ ಇಟ್ಟುಕೊಳ್ಳಲು ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ಮೂವರು ಒಟ್ಟಿಗಿದ್ದರೆ ಮಾತ್ರ ಟ್ಯಾಕ್ಸಿ ಲಾಭ: ನಿಲ್ದಾಣದ ಮೊದಲ ಮಹಡಿಯ ಯಂತ್ರದಿಂದ ಚೀಟಿ ಪಡೆಯಿರಿ, ಮೀಟರ್ 35 ಬಾತ್‌ನಿಂದ ಶುರುವಾಗುತ್ತದೆ, ಅದರ ಮೇಲೆ ವಿಮಾನ ನಿಲ್ದಾಣದ 50 ಬಾತ್ ಮತ್ತು ಟೋಲ್ ನಿಮ್ಮದೇ. ಮೀಟರ್ ಹಾಕದೆ ಒಟ್ಟು ಬೆಲೆ ಹೇಳುವವರನ್ನು ನಯವಾಗಿ ನಿರಾಕರಿಸಿ.

ಚೀಲ ಇಟ್ಟ ಮೇಲೆ ನಿದ್ದೆಗಣ್ಣಿನಲ್ಲೇ ಗ್ರ್ಯಾಂಡ್ ಪ್ಯಾಲೇಸ್ ಎಂಬ ರಾಜರ ಅರಮನೆ ನೋಡಲು ಹೊರಡುವುದು ಎಲ್ಲರಂತೆ ನಾನೂ ಮಾಡಿದ ಕೆಲಸ. ಗೋಡೆಯ ಪಕ್ಕದಲ್ಲಿ ಶುಭ್ರವಾಗಿ ಉಡುಪು ಧರಿಸಿದ್ದ ಒಬ್ಬರು ಎದುರಾಗಿ, ಇಂದು ಪೂಜೆಯಿರುವುದರಿಂದ ಅರಮನೆ ಮಧ್ಯಾಹ್ನದವರೆಗೆ ಮುಚ್ಚಿದೆ, ಅಲ್ಲಿಯವರೆಗೆ ಬೇರೆ ದೇವಾಲಯಗಳನ್ನು 20 ಬಾತ್‌ಗೆ ತೋರಿಸುವ ಟುಕ್‌ಟುಕ್ ಇದೆ ಎಂದು ಬಹಳ ವಿನಯದಿಂದ ತಿಳಿಸಿದರು. ಆ ಗಾಡಿ ಒಂದು ದೇವಾಲಯ ತೋರಿಸಿ, ಆಮೇಲೆ ಒಂದು ದರ್ಜಿ ಅಂಗಡಿಗೂ ಒಂದು ರತ್ನದ ಅಂಗಡಿಗೂ ಒಯ್ದು ನಿಲ್ಲಿಸಿತು. ನಾನು ಏನನ್ನೂ ಕೊಳ್ಳಲಿಲ್ಲ, ಆದರೆ ಒಂದು ಬೆಳಗು ಹಾಳಾಯಿತು. ಅರಮನೆ ಬೆಳಿಗ್ಗೆ 8.30ಕ್ಕೆ ತೆರೆಯುತ್ತದೆ, ಟಿಕೆಟ್ 500 ಬಾತ್, ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ತೆರೆದಿದೆಯೋ ಇಲ್ಲವೋ ಎಂಬುದನ್ನು ಬಾಗಿಲ ಬಳಿ ಹೋಗಿಯೇ ನೋಡಿ. ಎಂಆರ್‌ಟಿಯ ಸನಾಮ್ ಚಾಯ್ ನಿಲ್ದಾಣದಲ್ಲಿ ಇಳಿದರೆ ವಾಟ್ ಫೋ ದೇವಾಲಯದ ಪಕ್ಕದಿಂದ ಅರಮನೆಗೆ ನಡೆದೇ ತಲುಪಬಹುದು.

ಊಟಕ್ಕೆ ಎರಡು ಪದ ಸಾಕು. ಒಂದು ಮಾಂಗ್ಸವಿರತ್, ಅಂದರೆ ಮಾಂಸದಿಂದ ವಿರತಿ; ಇಷ್ಟೇ ಹೇಳಿದರೆ ಮೊಟ್ಟೆ ಬರಬಹುದು, ಮೀನಿನ ರಸವಾದ ನಾಮ್ ಪ್ಲಾ ಕೂಡ ಸೇರಬಹುದು. ಇನ್ನೊಂದು ಜೇ. ಹಳದಿ ಬಾವುಟದ ಮೇಲೆ ಕೆಂಪಗೆ ಬರೆದಿರುವ ಆ ಅಕ್ಷರ ದೂರದಿಂದ 17 ಎಂಬ ಅಂಕಿಯಂತೆ ಕಾಣುತ್ತದೆ. ಚೀನೀ ಬೌದ್ಧ ಮೂಲದ ಈ ಅಡುಗೆಯಲ್ಲಿ ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮನೆಯಲ್ಲಿ ಅವನ್ನು ವರ್ಜಿಸುವವರಿಗೆ ಇದಕ್ಕಿಂತ ಅನುಕೂಲವಾದದ್ದು ಆ ಊರಿನಲ್ಲಿ ಸಿಗಲಾರದು. ಅಂಗಡಿಯ ಮುಂದೆ ನಿಂತು ‘ಕಿನ್ ಜೇ’ ಎನ್ನಿ. ವಿನಯಕ್ಕೆಂದು ಗಂಡಸರಾದರೆ ಕೊನೆಗೆ ‘ಖ್ರಪ್’, ಹೆಂಗಸರಾದರೆ ‘ಖಾ’ ಸೇರಿಸಿ.