ಓದುಗರ ಪ್ರಶ್ನೆ: ಸೆಟ್ಟಿಂಗ್ಸ್ ಫೈಲ್ ಯಾವುದರಲ್ಲಿರಲಿ?

ಪ್ರಶ್ನೆ: ನಮ್ಮದು ಪೈಥಾನ್‌ನಲ್ಲಿ ಬರೆದ ಬಿಲ್ಲಿಂಗ್ ತಂತ್ರಾಂಶ. 40 ಸಾಲಿನ ಸೆಟ್ಟಿಂಗ್ಸ್ ಫೈಲ್ ಈಗ ಜೇಸನ್ (JSON) ಮಾದರಿಯಲ್ಲಿದೆ. ಅಂಗಡಿಯವರೇ ನೋಟ್‌ಪ್ಯಾಡಿನಲ್ಲಿ ತಿದ್ದುತ್ತಾರೆ. ಕೊನೆಗೊಂದು ಕಾಮಾ ಹೆಚ್ಚಾದರೂ ಪ್ರೋಗ್ರಾಂ ಏಳುವುದಿಲ್ಲ. ಯಾಮಲ್ (YAML) ಮಾದರಿಗೆ ಹೋಗಬಹುದೇ?

ಉತ್ತರ: ಬೇಡ, ಟಾಮಲ್ (TOML) ಮಾದರಿಗೆ ಹೋಗಿ. ಜೇಸನ್‌ನಲ್ಲಿ ಟಿಪ್ಪಣಿ ಬರೆಯಲೂ ಜಾಗವಿಲ್ಲ, ಕೈಯಲ್ಲಿ ತಿದ್ದುವ ಫೈಲಿಗೆ ಅದು ಒಗ್ಗದು. ಯಾಮಲ್ ಕಣ್ಣಿಗೆ ಸರಳ, ಆದರೆ ತಪ್ಪನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಚೆನ್ನೈನ ಎಸ್‌ಟಿಡಿ ಕೋಡನ್ನು ಕೋಟ್ ಹಾಕದೆ 044 ಎಂದು ಬರೆದು, ಪೈಥಾನ್‌ನಲ್ಲಿ ಯಾಮಲ್ ಓದುವ ಪೈಯಾಮಲ್ ಲೈಬ್ರರಿಯಿಂದ ಓದಿಸಿ: ಸಿಗುವುದು 36. ಸೊನ್ನೆಯಿಂದ ಶುರುವಾದದ್ದು ಎಂಟರ ಮೂಲದ ಸಂಖ್ಯೆ ಎಂಬುದು ಅದರ ಲೆಕ್ಕ, 4×8+4. ಬೆಂಗಳೂರಿನ 080 ಮಾತ್ರ ಬಚಾವ್. ಎಂಟರ ಮೂಲದಲ್ಲಿ 8 ಎಂಬ ಅಂಕಿಯೇ ಇಲ್ಲ, ಹಾಗಾಗಿ ಅದು ಪಠ್ಯವಾಗಿ ಉಳಿಯುತ್ತದೆ. ಕರ್ನಾಟಕದ ಕೋಡ್‌ಗಳೆಲ್ಲ 08ರಿಂದಲೇ ಶುರುವಾಗುವುದರಿಂದ, ಇಲ್ಲಿ ಪರೀಕ್ಷೆಯಲ್ಲಿ ಪಾಸಾದದ್ದು ತಮಿಳುನಾಡಿನ ಹೊಸೂರು ತಲುಪುವಷ್ಟರಲ್ಲಿ ಕೆಟ್ಟಿರುತ್ತದೆ! ಆವೃತ್ತಿ 3.10 ಎಂದು ಬರೆದರೆ 3.1 ಆಗುವುದೂ ಇದೇ ಬಗೆಯ ಕಾಟ. ಸೊನ್ನೆಯ ನಿಯಮವನ್ನು 2009ರ ಯಾಮಲ್ 1.2 ಕೈಬಿಟ್ಟಿತು; ಪೈಯಾಮಲ್ ಇನ್ನೂ 1.1ರಲ್ಲೇ ಇದೆ.

ಟಾಮಲ್ ಹಾಗಲ್ಲ. ಕೋಟ್ ಇಲ್ಲದ 044 ಕಂಡರೆ ಎಷ್ಟನೇ ಸಾಲು, ಎಷ್ಟನೇ ಅಕ್ಷರ ಎಂದು ಹೇಳಿ ನಿಂತುಬಿಡುತ್ತದೆ. ಹ್ಯಾಷ್ ಗುರುತು ಹಾಕಿ ಟಿಪ್ಪಣಿ ಬರೆಯಬಹುದು. ಪೈಥಾನ್ 3.11ರಿಂದ ಟಾಮಲ್ ಓದುವ ಟಾಮ್‌ಲಿಬ್ ಲೈಬ್ರರಿ ಜತೆಯಲ್ಲೇ ಬರುತ್ತದೆ. ಫೈಲನ್ನು ಬೈನರಿ ಮೋಡಿನಲ್ಲೇ ತೆರೆಯಿರಿ, ಇಲ್ಲದಿದ್ದರೆ ದೋಷ ಬರುತ್ತದೆ. ಟಾಮ್‌ಲಿಬ್ ಓದುತ್ತದೆ ಅಷ್ಟೆ, ಬರೆಯುವುದಿಲ್ಲ. ಟಿಪ್ಪಣಿ ಅಳಿಯದಂತೆ ಬರೆಯಲು ಟಾಮಲ್‌ಕಿಟ್ ಎಂಬ ಬೇರೆ ಲೈಬ್ರರಿ ಬೇಕು.

ಎರಡು ಕಡೆ ಎಡವುತ್ತೀರಿ. ವಿಂಡೋಸ್ ಫೋಲ್ಡರ್ ದಾರಿಯನ್ನು ಜೋಡಿ ಕೋಟ್‌ನಲ್ಲಿ ಬರೆದರೆ, ‘ಬಿಲ್ಸ್’ ಫೋಲ್ಡರಿನ ಇಂಗ್ಲಿಷ್ ಬಿ ಅಕ್ಷರವು ಹಿಂದಿನ ಬ್ಯಾಕ್‌ಸ್ಲ್ಯಾಷ್ ಜತೆ ಸೇರಿ ಬ್ಯಾಕ್‌ಸ್ಪೇಸ್ ಆಗುತ್ತದೆ. ಒಂಟಿ ಕೋಟ್ ಬಳಸಿ. ಇನ್ನು, ಚೌಕ ಕಂಸದ [ಪ್ರಿಂಟರ್] ತಲೆಬರಹದ ಕೆಳಗೆ ಬರೆದದ್ದೆಲ್ಲ, ಮುಂದಿನ ತಲೆಬರಹದವರೆಗೆ, ಪ್ರಿಂಟರಿಗೇ ಸೇರುತ್ತದೆ. ಯಾವ ವಿಭಾಗಕ್ಕೂ ಸೇರದ ಸಾಲುಗಳು ಫೈಲಿನ ಆರಂಭದಲ್ಲೇ, ಮೊದಲ ತಲೆಬರಹಕ್ಕಿಂತ ಮೇಲೆ ಇರಲಿ.

ಪ್ರಶ್ನೆ: ಜಾವಾ ಪ್ರಾಜೆಕ್ಟಿನ ಎಕ್ಸ್‌ಎಮ್‌ಎಲ್ ಸೆಟ್ಟಿಂಗ್ಸ್ ಫೈಲಿನಲ್ಲಿ ಡೇಟಾಬೇಸ್ ವಿಳಾಸ ಹಾಕಿದೊಡನೆ ಫೈಲ್ ಓದಲಾಗುತ್ತಿಲ್ಲ. ಬಿಟ್ಟುಬಿಡಲೇ?

ಉತ್ತರ: ವಿಳಾಸದಲ್ಲಿ & ಇದೆಯೇ ನೋಡಿ. ಅದರ ಬೆನ್ನಿಗೇ ಇಂಗ್ಲಿಷಿನ ಎ, ಎಮ್, ಪಿ ಅಕ್ಷರಗಳು, ಆಮೇಲೆ ಅರ್ಧವಿರಾಮ ಸೇರಿಸಿ, ಸರಿಹೋಗುತ್ತದೆ. ಟಿಪ್ಪಣಿಯೊಳಗೆ ಜೋಡಿ ಅಡ್ಡಗೆರೆ (--) ಕೂಡ ಬರಕೂಡದು. ಫೈಲಿನ ರಚನೆಯ ನಿಯಮಗಳನ್ನು ಹೇಳುವ ಎಕ್ಸ್‌ಎಸ್‌ಡಿ ಸ್ಕೀಮಾದಿಂದ ಫೈಲನ್ನು ತಾಳೆ ನೋಡುತ್ತಿದ್ದರೆ ಎಕ್ಸ್‌ಎಮ್‌ಎಲ್ ಬಿಡಬೇಡಿ.